ಫ್ಯಾನ್ ನೋಡುವ ಅಕ್ಕ

ಗಾಲಿಕುರ್ಚಿಯಲ್ಲಿರುವವರನ್ನು ಅಂಗಡಿ, ಸಿನಿಮಾ, ಸಲೂನ್ ಎಂದು ಊರು ಸುತ್ತಿಸುವುದೇ ಅಕ್ಕನ ಕೆಲಸ. ಬಾಯಿಯೋ, ಬಸ್ಸಿನ ಹಾರ್ನೂ ಸೋಲಬೇಕು. ಮೆಟ್ಟಿಲು ಅಡ್ಡ ಬಂದರೆ “ಇದೇನು ಅಂಗಡಿನೋ ಏಣಿನೋ?” ಎಂದು ಕಟ್ಟಿದವನ ಜನ್ಮ ಜಾಲಾಡುತ್ತಾಳೆ. ಆದರೆ ಅಂಗಡಿಯವನು ಅವಳು ದಿನಾ ಸುತ್ತಿಸುವ, ಕುರ್ಚಿಯಲ್ಲಿರುವ ಮೇಷ್ಟ್ರನ್ನು ಬಿಟ್ಟು, “ಇವ್ರಿಗೆ ಏನ್ ಬೇಕಂತೆ ಅಮ್ಮಾ?” ಎಂದು ಅವಳನ್ನು ಕೇಳಿದನೋ, ಮುಗಿಯಿತು, ಬಾಯಿಗೆ ಬೀಗ. ಕತ್ತೆತ್ತಿ ಫ್ಯಾನ್ ನೋಡುತ್ತಾಳೆ. ಫ್ಯಾನ್ ಇಲ್ಲದಿದ್ದರೆ ಜೇಡರಬಲೆಯಾದರೂ ಆದೀತು. ಸಾಲಿನಲ್ಲಿ ಹಿಂದೆ ನಿಂತವರು ಎಷ್ಟೇ ಗೊಣಗಲಿ, ಮಾತು ತಡೆದು ತಡೆದು ಬರುವ ಮೇಷ್ಟ್ರು ತಮಗೆ ಬೇಕಾದ್ದನ್ನು ತಾವೇ ಹೇಳಿ ಮುಗಿಸುವ ತನಕ ಆ ಕತ್ತು ಇಳಿಯುವುದಿಲ್ಲ. ಮೊನ್ನೆ ಅಕ್ಕನಿಗೇ ಜ್ವರ ಬಂದು ದನಿ ಕುಗ್ಗಿತ್ತು. ಜೊತೆಗೆ ಹೋಗಿದ್ದ ಮೇಷ್ಟ್ರನ್ನು ಡಾಕ್ಟರು, “ಇವ್ರಿಗೆ ಏನಾಗಿದೆ ಸಾರ್?” ಎಂದು ಕೇಳಿದರು. ಉತ್ತರ ಮೇಷ್ಟ್ರ ನಾಲಗೆಯ ತುದಿಯಲ್ಲೇ ಇತ್ತು. ಆದರೂ ಅವರು ನಿಧಾನವಾಗಿ ಕತ್ತೆತ್ತಿ ಫ್ಯಾನ್ ನೋಡತೊಡಗಿದರು.