ಸಿಡಿಲಿನ ಪಾಠ ಕಲಿಸಿದ ಅಕ್ಕೋರು

ಆಗೆಲ್ಲ ವಿಜ್ಞಾನದ ತಾಸು ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡುವುದು. ಡಂಬಳದ ಸಮೀಪದ ನಮ್ಮ ಹಳ್ಳಿಯ ಶಾಲೆಗೆ ಹೊಸದಾಗಿ ಬಂದಿದ್ದ ಅಕ್ಕೋರು ಮಣ್ಣಿನ ಪಾಠವನ್ನು ಹೊಲದಲ್ಲಿ, ಕಪ್ಪೆಯ ಪಾಠವನ್ನು ಕೆರೆದಂಡೆಯಲ್ಲಿ ಮಾಡುತ್ತಿದ್ದರು. ನಾವು ಹುಡುಗಿಯರು ಕರ್ಚೀಫಿನಲ್ಲಿ ಪುಟಾಣಿ-ಬೆಲ್ಲ ಕಟ್ಟಿಕೊಂಡು ಹಿಂದೆ ಹೊರಡುತ್ತಿದ್ದೆವು.

ಮುಂಗಾರಿನ ಒಂದು ಮಧ್ಯಾಹ್ನ ಹೆಸರುಕಾಳಿನ ಹೊಲದಲ್ಲಿದ್ದಾಗ ಗಾಳಿ ಪೂರ್ತಿ ನಿಂತುಹೋಯಿತು. ಕಪ್ಪತಗುಡ್ಡದ ಮೇಲೆ ಕರಿಮೋಡ ಕಟ್ಟಿತ್ತು. ದೂರದಲ್ಲಿ ಮಿಂಚಿತು.

"ಮಿಂಚಿದ ಕೂಡಲೇ ಎಣಸಾಕ ಶುರು ಮಾಡ್ರಿ. ಗುಡುಗು ಕೇಳಿದ್ರ ನಿಲ್ಲಸ್ರಿ. ಎಣಿಕಿ ಕಮ್ಮಿ ಆತಂದ್ರ ಸಿಡಿಲು ನಮ್ಮ ಕಡೆ ಬರಾಕತ್ತೈತಿ ಅಂತ ತಿಳಕೋರಿ" ಎಂದರು ಅಕ್ಕೋರು.

ಹಾಡಿನಂತೆ ಕೂಗಿ ಎಣಿಸಿದೆವು. ಪ್ರತಿ ಸಲವೂ ಎಣಿಕೆ ಕಮ್ಮಿಯಾಯಿತು. ನಮಗದು ಆಟ. ಅಕ್ಕೋರ ಮುಖದ ನಗು ಮಾತ್ರ ಆರುತ್ತ ಬಂತು. ಒಂದು ಹಕ್ಕಿಯ ದನಿಯೂ ಇರಲಿಲ್ಲ.

"ಸಾಕು, ಶಾಲಿಗೆ ನಡೀರಿ, ಜಲ್ದಿ!"

ಅಷ್ಟರಲ್ಲಿ ದಪ್ಪ ಹನಿ ಬಿದ್ದವು. ಶಾಲೆ ದೂರವಿತ್ತು. ಗೆಳತಿ ನೀಲವ್ವ ಬದುವಿನ ಬೇವಿನ ಮರದತ್ತ ಓಡಿದಳು. ಅಲ್ಲಿ ಯಾರೋ ಎರಡು ಆಡು ಕಟ್ಟಿದ್ದರು. ಅಕ್ಕೋರು ಬೆನ್ನಟ್ಟಿ ಅವಳ ಜಡೆ ಹಿಡಿದು ಹಿಂದಕ್ಕೆಳೆದರು.

"ಬಿಡ್ರಿ ಅಕ್ಕೋರ, ತೊಯ್ಯಾಕತ್ತೀನ್ರಿ!"

"ತೊಯ್ದರ ತೊಯ್ಯಲಿ, ಗಿಡದ ಬುಡಕ ಬ್ಯಾಡ! ಎಲ್ಲಾರೂ ದೂರ ದೂರ ಕುಕ್ಕರಗಾಲಲೆ ಕುಂಡ್ರಿ. ಕಾಲು ಕೂಡಸ್ರಿ, ತಲಿ ಬಗ್ಗಸ್ರಿ!"

ಎಣಿಸಲು ಬಾಯಿ ತೆರೆಯುವ ಮೊದಲೇ ಎಲ್ಲ ಬೆಳ್ಳಗಾಯಿತು. ಎದೆಯೊಳಗೇ ಏನೋ ಒಡೆದಂತಾಯಿತು. ತಲೆಯೆತ್ತಿದಾಗ ಬೇವಿನ ಮರ ಸೀಳಿ ಹೊಗೆಯಾಡುತ್ತಿತ್ತು. ಸುಟ್ಟ ಕೂದಲಿನ ವಾಸನೆ. ಆಡುಗಳು ಕಾಲು ಸೆಟೆದು ಬಿದ್ದಿದ್ದವು. ನೀಲವ್ವನ ರಿಬ್ಬನ್ ಅಕ್ಕೋರ ಮುಷ್ಟಿಯಲ್ಲೇ ಇತ್ತು.

ಸಂಜೆ ಶಾಲೆಯ ಮುಂದೆ ಊರು ಸೇರಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನನ್ನ ಅಪ್ಪ. "ಮೋಡ ಕವದಾಗ ಕೂಸುಗಳನ್ನ ಹೊಲಕ್ಕ ಯಾಕ ಒಯ್ದ್ರಿ?"

"ನನ್ನ ಮಗಳನ್ನ ಉಳಿಸ್ಯಾರೋ ಯಪ್ಪಾ" ಎಂದಳು ನೀಲವ್ವನ ತಾಯಿ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಒಯ್ದಾಕಿ ನಾನ ರೀ. ಇನ್ನಷ್ಟು ಮೊದಲ ತಿರುಗಬೇಕಿತ್ತು" ಎಂದಷ್ಟೇ ಹೇಳಿದರು ಅಕ್ಕೋರು.

ಆಮೇಲೆ ನಾವು ಪಾಠಕ್ಕೆಂದು ಹೊರಗೆ ಹೋಗಲಿಲ್ಲ. ಮರುವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಈಗ ಗದಗಿನಲ್ಲಿ ನನ್ನ ಮಗಳಿಗೆ ಇದೇ ಸಿಡಿಲಿನ ಪಾಠ ತರಗತಿಯ ಪರದೆಯ ಮೇಲೆ ಬರುತ್ತದೆ. ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆ. ಮೊನ್ನೆ ಗುಡುಗುವಾಗ ಹುಡುಕಿದರೆ, ಮಾಳಿಗೆಯ ತುದಿಯಲ್ಲಿ ನಿಂತು ಮೊಬೈಲಿನಲ್ಲಿ ಮಿಂಚಿನ ವಿಡಿಯೊ ತೆಗೆಯುತ್ತಿದ್ದಳು.

"ಕೆಳಗ ಬಾ!" ಎಂದು ಚೀರಿದೆ.

"ತಡೀ ಮಮ್ಮೀ, ಎಷ್ಟ್ ಚಂದ ಬರಾಕತ್ತೈತಿ!"

ತೋಳು ಹಿಡಿದು ದರದರ ಎಳೆದುಕೊಂಡು ಬಂದೆ. ಪಾಠವೆಲ್ಲ ಬಾಯಿಗೆ ಬರುವ ನನ್ನ ಮಗಳಿಗೆ, ಆಕಾಶಕ್ಕೆ ಹೆದರಬೇಕೆಂಬುದೇ ಗೊತ್ತಿರಲಿಲ್ಲ.