ಹೊಕ್ಕೈಡೊ ಕರಾವಳಿಯ ಪಾಠ

ಜೇನಿನ ಬಾಟಲಿಯನ್ನು ಇವತ್ತಿಗೂ ನಾನು ಮನೆಯೊಳಗೆ ತರಗೊಡುವುದಿಲ್ಲ. ಮನೆಯವರು ಇದನ್ನು ಪಥ್ಯ ಅಂದುಕೊಂಡಿದ್ದಾರೆ. ಪಥ್ಯವಲ್ಲ, ನನ್ನ ಮೇಲೆ ನನಗೇ ಇರುವ ಹೇಸಿಗೆ.

ಆಗ ನಾನು ಹುಣಸೂರು ಕಡೆಯ ವೀರನಹೊಸಹಳ್ಳಿಯಿಂದ ಆಚೆ, ಕಾಡಂಚಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಕ್ಕಳಲ್ಲಿ ಸುತ್ತಲಿನ ಗಿರಿಜನ ಹಾಡಿಗಳ ಜೇನು ಕುರುಬರೇ ಹೆಚ್ಚು. ಭೇರ್ಯದ ನಾಲೆ ಗದ್ದೆಗಳಲ್ಲಿ ಬೆಳೆದ ನಾನೂ ಸಮುದ್ರ ಕಂಡವನಲ್ಲ, ಅವರೂ ಕಂಡವರಲ್ಲ. ಆದರೂ ಅಧಿಕಾರಿಗಳ ಮುಂದೆ ಮಾಡಬೇಕಾದ ಮಾದರಿ ಪಾಠಕ್ಕೆ ನಾನು ಆರಿಸಿಕೊಂಡದ್ದು ಜಪಾನಿನ ಉತ್ತರ ತುದಿಯ ಹೊಕ್ಕೈಡೊ ಕರಾವಳಿ. ದೊಡ್ಡಸ್ತಿಕೆ, ಇನ್ನೇನು.

ಡ್ರಾಯಿಂಗ್ ಶೀಟಿನ ಮೇಲೆ ನಕ್ಷೆ ಬರೆದು, ಒಂದು ವಾರ ಮೊದಲೇ ಮಕ್ಕಳಿಗೆ ಪಾಠ ಮಾಡಿದೆ. ಚಳಿಗಾಲದಲ್ಲಿ ಸಮುದ್ರದ ಮೇಲೆ ಮಂಜುಗಡ್ಡೆ ತೇಲಿಕೊಂಡು ದಡಕ್ಕೆ ಬರುತ್ತದೆ ಎಂದರೆ ಯಾರೂ ನಂಬಲಿಲ್ಲ. ಸಾಲ್ಮನ್ ಮೀನು ಸಮುದ್ರ ಬಿಟ್ಟು, ತಾನು ಹುಟ್ಟಿದ ಹೊಳೆಗೇ ಮೊಟ್ಟೆಯಿಡಲು ವಾಪಸು ಬರುತ್ತದೆ ಎಂದದ್ದನ್ನು ಮಾತ್ರ ಕೂಡಲೇ ನಂಬಿದರು. ಅಲ್ಲಿನ ಮೂಲ ಜನರಾದ ಐನುಗಳು ಆ ಮೀನನ್ನೇ ನೆಚ್ಚಿ ಬದುಕಿದವರು, ಹಿಡಿಯುವಾಗ ಕರಡಿಗೂ ನರಿಗೂ ಪಾಲು ಬಿಡುತ್ತಿದ್ದರು ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಶಾಲೆಯ ಅಡುಗೆಯಾಕೆಯ ಮಗಳು.

"ನಮ್ಮಪ್ಪನೂ ಅಂಗೇ ಸಾ. ಜೇನು ಕೀಳೋವಾಗ ಹುಟ್ಟು ಪೂರ್ತಿ ತರಾಕಿಲ್ಲ. ಕರಡಿಗೂ ಒಸಿ ಬುಡ್ತಾನೆ."

ಅವಳಪ್ಪ ಆಗ ಜೈಲಿನಲ್ಲಿದ್ದ, ಕಾಡಿನಲ್ಲಿ ಜೇನು ಕಿತ್ತನೆಂದು ಅರಣ್ಯ ಇಲಾಖೆ ಹಾಕಿದ ಕೇಸಿನ ಮೇಲೆ. ಕೆಲವು ಮಕ್ಕಳು ಅವಳನ್ನು ಕಳ್ಳನ ಮಗಳು ಎಂದು ಕರೆಯುವುದು ನನ್ನ ಕಿವಿಗೂ ಬಿದ್ದಿತ್ತು. ಅದಕ್ಕೇ ಉಳಿದ ಚರಿತ್ರೆಯನ್ನೂ ಹೇಳಿದೆ. ನೂರೈವತ್ತು ವರ್ಷದ ಹಿಂದೆ ಜಪಾನಿನ ಸರ್ಕಾರ ಆ ಸೀಮೆಯನ್ನು ತನ್ನದು ಮಾಡಿಕೊಂಡಿತು, ಹೊರಗಿನಿಂದ ಬಂದವರಿಗೆ ಭೂಮಿ ಹಂಚಿತು, ಹೊಳೆಯಲ್ಲಿ ಸಾಲ್ಮನ್ ಹಿಡಿಯಕೂಡದು ಎಂದಿತು. ಅಜ್ಜಂದಿರ ಕಾಲದಿಂದ ಮೀನು ಹಿಡಿಯುತ್ತಿದ್ದವರು ಕಾನೂನಿನ ಲೆಕ್ಕದಲ್ಲಿ ಕಳ್ಳರಾದರು.

"ಅಂಗಾರೆ ಅವ್ರು ಕಳ್ರಲ್ಲ, ಅಲ್ವಾ ಸಾ?"

"ಅಲ್ಲ" ಎಂದೆ. ಹುಡುಗಿ ಹಿಂದಿನ ಬೆಂಚುಗಳ ಕಡೆ ಒಮ್ಮೆ ತಿರುಗಿ ನೋಡಿ ಕೂತಳು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅವಳ ತಾಯಿಯೂ ಕೇಳಿಸಿಕೊಂಡಿದ್ದಳು.

ಮಾದರಿ ಪಾಠದ ಹಿಂದಿನ ದಿನ ಹೆಡ್‌ಮೇಷ್ಟ್ರು ಕರೆದರು. "ಅರಣ್ಯದ ಸಾಹೇಬ್ರು ಮುಖ್ಯ ಅತಿಥಿ ಕಣ್ರೀ. ಆ ಕಳ್ರ ಕತೆ ಬುಡಿ. ನಿಮ್ಮ ವರ್ಗಾವಣೆ ಅರ್ಜಿಗೆ ನಾನು ಶಿಫಾರಸು ಬರೀಬೇಕೋ ಬ್ಯಾಡ್ವೋ?"

ಭೇರ್ಯದ ಹತ್ತಿರ ಶಾಲೆ ಬೇಕೆಂದು ಅರ್ಜಿ ಹಾಕಿದ್ದೆ. ಎದುರಾಡದೆ ಒಪ್ಪಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸಾಹೇಬರಿಗೆ ಇನ್ನೂ ಹಿತವಾಗಲಿ ಎಂದು ಹೊಸದೊಂದು ಪ್ರಶ್ನೋತ್ತರ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಅದನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಥೂ.

ಮರುದಿನ ನಕ್ಷೆ ತೂಗುಹಾಕಿ ಕೇಳಿದೆ: "ಐನುಗಳು ಹೊಳೆಯಲ್ಲಿ ಸಾಲ್ಮನ್ ಹಿಡಿಯುವುದನ್ನು ಏಕೆ ಬಿಟ್ಟರು?"

ಹತ್ತಾರು ಕೈ ಮೇಲೆದ್ದವು. ಅಡುಗೆಯಾಕೆಯ ಮಗಳ ಕೈ ಎದ್ದಿರಲಿಲ್ಲ. ಸಾಹೇಬರು ಅದನ್ನು ಕಂಡು ಬೇಕೆಂದೇ ಅವಳ ಕಡೆ ಬೆರಳು ತೋರಿಸಿದರು. "ನೀನು ಹೇಳಮ್ಮ." ಅವಳು ನನ್ನ ಮುಖ ನೋಡಿದಳು. ನಾನು ನಕ್ಷೆ ನೋಡಿದೆ.

"ಅದು ಕಳ್ಳತನವಾದ್ದರಿಂದ ಬಿಟ್ಟರು."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹೆಡ್‌ಮೇಷ್ಟ್ರು ಹುಣಸೂರಿನ ಅಂಗಡಿಯಿಂದ ತರಿಸಿದ್ದ ಜೇನಿನ ಬಾಟಲಿಗಳಲ್ಲಿ ಒಂದು ಸಾಹೇಬರಿಗೆ, ಒಂದು ನನಗೆ, ಒಂದು ಬಹುಮಾನವೆಂದು ಅವಳಿಗೆ ಹೋಯಿತು.

ಮಧ್ಯಾಹ್ನ ನಾನು ಅಡುಗೆಮನೆಗೆ ನೀರಿಗೆ ಹೋದಾಗ ಅವಳ ತಾಯಿ ಆ ಬಾಟಲಿಯ ಮುಚ್ಚಳ ತೆಗೆದು, ಬೆರಳದ್ದಿ ನಾಲಿಗೆಗೆ ತಾಕಿಸಿದಳು. ಕಿಟಕಿಯಾಚೆ ಉಗಿದಳು.

"ಸಕ್ಕರೆ ಪಾಕ ಇದು ಮೇಷ್ಟ್ರೇ. ಜೇನು ಅಂತ ಮಗೀಗೆ ಇಂತದ್ದ ಕೊಡಬೌದಾ?"

"ನಾನು ತಂದದ್ದಲ್ಲಮ್ಮ" ಎಂದೆ. ನಿಜವಾಗಿಯೂ ಹಾಗೇ ಅಂದೆ. ಅವಳು ಪಾಕವನ್ನು ಮೋರಿಗೆ ಸುರಿದು, ಬಾಟಲಿ ತೊಳೆದು ಬೋರಲು ಹಾಕಿದಳು.

ವರ್ಗಾವಣೆ ಆದೇಶ ಬಂತು. ಹೊರಡುವ ಮುಂಚೆ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದು ಬಾಕಿಯಿತ್ತು. ಮಾಡಿದ ಪಾಠದಿಂದಲೇ ಪ್ರಶ್ನೆ ಇರಬೇಕೆಂದು ಸಾಲ್ಮನ್ ಮೀನಿನ ಆ ಪ್ರಶ್ನೆಯನ್ನೇ ಕೇಳಿದ್ದೆ. ಆ ಹುಡುಗಿ ಗುಂಡಗೆ, ಒಂದಕ್ಷರವೂ ತಪ್ಪಿಲ್ಲದೆ ಬರೆದಿದ್ದಳು: ಅದು ಕಳ್ಳತನವಾದ್ದರಿಂದ ಬಿಟ್ಟರು. ಕೆಂಪು ಶಾಯಿಯಲ್ಲಿ ಪೂರ್ತಿ ಅಂಕ ಹಾಕಿ, ಪಕ್ಕದಲ್ಲಿ ‘ಉತ್ತಮ’ ಎಂದೂ ಬರೆದೆ.