ಅಮ್ಮನ ಕನ್ನಡಕದ ಗಾಜು, ನಶ್ಯದ ಡಬ್ಬಿ

ಆಗ ನಮ್ಮನೆಯವರು ಕುಂದಾಪುರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅರವತ್ತರ ದಶಕ. ಫಿಲ್ಮ್ ರೋಲು ಸಿಗುವುದೇ ದುಸ್ತರವಾಗಿದ್ದ ದಿನಗಳು. ಮಂಗಳೂರಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು.

ನನ್ನ ತಮ್ಮ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದವನು ಅಲ್ಲೇ ಜ್ವರ ಬಂದು ತೀರಿಕೊಂಡ. ತವರುಮನೆಯಲ್ಲಿ ಅವನದೊಂದೂ ಫೋಟೋ ಇರಲಿಲ್ಲ. ಫೋಟೋದವನಿಗೇ ಮಗಳನ್ನು ಕೊಟ್ಟ ಮನೆ ಅದು, ನೋಡಿ! ಬೈಂದೂರಿನಿಂದ ಬಂದ ಅಮ್ಮ ನನ್ನ ಕೈ ಹಿಡಿದು ಹೇಳಿದಳು: "ಅವ್ನ ಮೋರೆ ಮರ್ತ್ ಹೋತಾ ಇತ್ತ್ ಮಗಾ. ದನಿ ಕೇಣ್ತ್, ಮೋರೆ ಮಾತ್ರ ಬತ್ತಿಲ್ಲ."

ವಿಚಾರಿಸಿ ವಿಚಾರಿಸಿ, ಬ್ರಹ್ಮಾವರದ ನಮ್ಮ ಸೋದರಮಾವನ ಮನೆಯ ಮದುವೆ ಪಟದಲ್ಲಿ ಅವನಿದ್ದಾನೆಂದು ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ನಿಂತಿದ್ದಾನೆ, ಮುಖ ಕೊತ್ತಂಬರಿ ಕಾಳಿನಷ್ಟು. ಆದರೆ ಆ ಪಟದ ನಡುವೆ ತೀರಿಹೋದ ಹಿರಿಯರು ಕೂತಿದ್ದಾರೆ, ಅದಕ್ಕೆ ದಿನವೂ ಹೂವು, ಕೊಟ್ಟು ಕಳಿಸುವಂತಿಲ್ಲ. ಮಾವ ಪಟವನ್ನು ಪಂಚೆಯಲ್ಲಿ ಸುತ್ತಿ ತಾವೇ ತಂದರು.

"ದೀಪ ಹಚ್ಚುಕ್ ಮುಂಚೆ ಇದ್ ಗ್ವಾಡಿ ಮೇಲ್ ಇರ್ಕ್. ಸಂಜಿ ಬಸ್ಸಿಗೆ ನಾ ಹೋಪವ. ಇನ್ನೊಂದ್ ಸಲ ಕೇಣ್ಬೇಡಿ," ಎಂದು ಚಾವಡಿಯಲ್ಲಿ ಕಾಲು ಚಾಚಿ ಕೂತರು.

ನಮ್ಮದು ಮೇಲೊಂದು ಕೆಳಗೊಂದು ಎರಡು ಕಣ್ಣಿನ ಕ್ಯಾಮೆರಾ. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಹತ್ತಿರ ಹೋದರೆ ಬರೀ ಮಸುಕು. ದೂರದಿಂದ ತೆಗೆದು ದೊಡ್ಡದು ಮಾಡಿದರೆ ಮುಖ ಮರಳು ಎರಚಿದ ಹಾಗೆ ಒಡೆಯುತ್ತದೆ. ಹತ್ತಿರದ್ದನ್ನು ತೋರಿಸುವ ಗಾಜು ಬೊಂಬಾಯಿಯಿಂದಲೇ ಬರಬೇಕು ಎಂದು ಇವರು ಕೈ ಚೆಲ್ಲಿದರು.

ನಾನು ಅಮ್ಮನ ಮುಖ ನೋಡಿದೆ. ಅವಳ ಒಂದು ಕಣ್ಣು ಹೋಗಿಯೇ ಆಗಿತ್ತು. ಇನ್ನೊಂದಕ್ಕೆ ಪೊರೆ ತೆಗೆಸಿ, ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು ಹಾಕಿಸಿದ್ದೆವು. ಅವಳ ದೃಷ್ಟಿಯೆಂದರೆ ಅದೊಂದೇ ಗಾಜು.

"ಅಮ್ಮನ ಕನ್ನಡಕದ್ ಗಾಜ್ ಆಪುದಿಲ್ವಾ?" ಎಂದೆ.

"ನಿಂಗ್ ಮಂಡೆ ಸಮ ಇತ್ತಾ? ಅದ್ ಒಡ್ದ್ರೆ ಎಂತ ಮಾಡೂದ್?" ಎಂದರು ಇವರು.

"ಹಾಂಗಾರೆ ಬೇರೆ ಎಂತಾರೂ ಇದ್ರೆ ತನ್ನಿ! ಇಲ್ಲ ಅಲ್ದಾ? ಸುಮ್ನೆ ಇರಿ!"

ಅಷ್ಟರಲ್ಲಿ ಅಮ್ಮನೇ ಕನ್ನಡಕ ತೆಗೆದು ನೀಡಿದಳು. "ತೆಗೀರಿ ಅಳಿಯಂದ್ರೆ. ಅವ್ನ ಕಾಂಬುಕ್ ಆಗ್ದಿರೆ ಈ ಕಣ್ಣ್ ಎಂತಕೆ?"

ಗಾಜನ್ನು ಲೆನ್ಸಿಗೆ ಕೂರಿಸಲು ಬಳೆಯಂಥದ್ದೇನಾದರೂ ಬೇಕಲ್ಲ? ನನ್ನ ಬಳೆ ದೊಡ್ಡದಾಯಿತು. ಅಮ್ಮನ ನಶ್ಯದ ತಗಡಿನ ಡಬ್ಬಿ ಮಾತ್ರ ಮಾಡಿಸಿಟ್ಟಂತೆ ಕೂತಿತು. ಇವರು ತಳ ಕತ್ತರಿಸಿ, ಒಳಗೆ ಉಫ್ ಎಂದು ಊದಿ, ಜೇನುಮೇಣದಲ್ಲಿ ಗಾಜನ್ನು ಅಂಟಿಸಿದರು. ಅಮ್ಮ ಗೋಡೆಗೆ ಒರಗಿ, ಏನೂ ಕಾಣದೆ, ನಮ್ಮ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು.

ಪಟವನ್ನು ಜಗಲಿಯ ಬಿಸಿಲಿಗೆ ನಿಲ್ಲಿಸಿದೆವು. ರೋಲಿನಲ್ಲಿ ಉಳಿದದ್ದು ಎರಡೇ ಫೋಟೋ.

ಡಬ್ಬಿಯನ್ನು ಮೇಲಿನ ಕಣ್ಣಿಗೆ ಹಾಕಿ ಮುಖ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಕೆಳಗಿನದಕ್ಕೆ ಬದಲಿಸಿ, ಎರಡು ಕಣ್ಣಿನ ನಡುವಿನ ಅಂತರದಷ್ಟು ಕ್ಯಾಮೆರಾವನ್ನೇ ಮೇಲೆತ್ತಬೇಕು. ಇವರು ಡಬ್ಬಿ ಬದಲಿಸಿದರು, ಗುಂಡಿ ಒತ್ತಿದರು, ಮರುಕ್ಷಣವೇ ಹಣೆ ಚಚ್ಚಿಕೊಂಡರು. ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದರು! ಮುಖದ ಬದಲು ಅಂಗಿಯ ಗುಂಡಿ ಬಂದಿರುತ್ತದೆ.

"ಹ್ವಾಯ್, ಬಸ್ಸಿಗೆ ಹೊತ್ತಾಯ್ತ್," ಎಂದರು ಚಾವಡಿಯಿಂದ ಮಾವ. ಜಗಲಿಯ ಬಿಸಿಲೂ ಜಾರುತ್ತಿತ್ತು.

ಉಳಿದದ್ದು ಒಂದು. ಇವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಕ್ಯಾಮೆರಾ ಎತ್ತಿದರು, ಅಳೆದರು, ಮತ್ತೆ ಅಳೆದರು. ದಪ್ಪ ಗಾಜಿನ ಅಂಚು ಮಸುಕಾದ್ದರಿಂದ ಬೆಳಕಿನ ತೂತನ್ನು ಪೂರ್ತಿ ಕಿರಿದು ಮಾಡಿ, ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಒತ್ತಿದರು. ನಾನು ಉಸಿರು ಕಟ್ಟಿ ನಿಂತೆ. ಇವರ ಮೂಗು ಅರಳಿತು, ಮುಖ ಕೆಂಪಾಯಿತು. ಅಯ್ಯೋ ಬೇಡ, ಬೇಡ ಅನ್ನುವಷ್ಟರಲ್ಲಿ ಮನೆ ಹಾರಿಹೋಗುವಂಥ ಸೀನು ಬಂತು. ಡಬ್ಬಿಯ ಸಂದಿಯಲ್ಲಿ ಉಳಿದ ನಶ್ಯದ ಘಾಟು!

ಮಾವ ಪಟ ಸುತ್ತಿಕೊಂಡು ಬಸ್ಸು ಹತ್ತಿದರು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಇವರು ಗಾಜನ್ನು ಬಿಡಿಸಿ, ಮೇಣ ಒರೆಸಿ, ಕನ್ನಡಕಕ್ಕೆ ಕೂರಿಸಿ ದಾರ ಸುತ್ತಿಕೊಟ್ಟರು. ಸದ್ಯ, ಅದು ಒಡೆಯಲಿಲ್ಲ.

ಮಾರನೆಯ ದಿನ ಫೋಟೋ ತೊಳೆದಾಯಿತು. ಮುಖ ದೊಡ್ಡದಾಗಿಯೇ ಬಂದಿತ್ತು, ಆದರೆ ಅಲ್ಲಾಡಿತ್ತು. ಒಂದು ಕಣ್ಣಿನ ಪಕ್ಕ ಅದೇ ಕಣ್ಣಿನ ನೆರಳು, ತುಟಿಯ ಪಕ್ಕ ಇನ್ನೊಂದು ತುಟಿ. ನನಗೆ ಅಳು ಬಂತು. ಅಮ್ಮ ಅದನ್ನು ಕನ್ನಡಕಕ್ಕೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದಳು.

"ಅತ್ತೆ, ಬ್ರಹ್ಮಾವರಕ್ಕೆ ಹೋಯಿ ಮಾವನ ಕಾಲಿಗ್ ಬೀಳ್ತೆ. ಹೊಸ ರೋಲ್ ಬಂದ ಕೂಡ್ಲೆ ಚೆಂದ ಮಾಡಿ ತೆಗ್ದ್ ಕೊಡ್ತೆ," ಎಂದರು ಇವರು.

ಅಮ್ಮ ತಲೆ ಎತ್ತಲಿಲ್ಲ.

"ಬೇಡ ಅಳಿಯಂದ್ರೆ. ಆ ಪಟದಲ್ಲ್ ಅವ ಕಂಬದ ಹಾಂಗೆ ನಿಂತಿದ್ದ. ಇದ್ರಲ್ಲ್ ಅಲ್ಲಾಡ್ತಾ ಇದ್ದ ಕಾಣಿ."